ನೋಟಿಸು ಟೈಪ್ ಮಾಡುವವಳ ತಲೆಗೆ ವೆಬ್‌ಸೈಟ್ ಬಿದ್ದಾಗ

ತುಮಕೂರಿನ ಹೊರಪೇಟೆಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ, ವೈಕುಂಠ ಸಮಾರಾಧನೆಯ ಪತ್ರಿಕೆ, ಬಿಲ್ ಬುಕ್ಕು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ತೆಂಗು ಬೆಳೆಗಾರರ ಒಂದು ಸಂಘದ ನೋಟಿಸುಗಳನ್ನೂ ನಾನೇ ಟೈಪ್ ಮಾಡಿಕೊಡುತ್ತಿದ್ದೆ. ಅವರಿಗೆ ಬೆಂಗಳೂರಿನ ಹುಡುಗನೊಬ್ಬ, ಪುಟ ಕಟ್ಟುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಟ್ಟು, ಆರು ತಿಂಗಳಿಗೆ ಬೇರೆ ಕೆಲಸ ಹಿಡಿದು ಹೊರಟುಹೋದ. ಒಂದು ದಿನ ಕಾರ್ಯದರ್ಶಿಗಳು ಪಾಸ್‌ವರ್ಡ್ ಬರೆದ ಚೀಟಿ ತಂದು ನನ್ನ ಕೌಂಟರ್ ಮೇಲಿಟ್ಟರು. "ಟೈಪಿಂಗ್ ನೀವೇ ಮಾಡೋದಲ್ವೇನಮ್ಮಾ, ಇದೂ ಅದೇ ತರ" ಅಂದರು.

ಅದೇ ತರ ಅಲ್ಲ. ಕಾರ್ಡು ಪ್ರಿಂಟ್ ಆದ ಮೇಲೆ ಅದರ ಪಾಡಿಗೆ ಅದು ಇರುತ್ತದೆ. ವೆಬ್‌ಸೈಟ್ ಹಾಗಲ್ಲ, ರಾತ್ರಿ ಮಲಗಿದಾಗ ಚೆನ್ನಾಗಿದ್ದದ್ದು ಬೆಳಿಗ್ಗೆ ಎದ್ದಾಗ ಬೇರೆ ಆಗಿರುತ್ತದೆ. ಈಗ ಇಂಥ ಮೂರು ವೆಬ್‌ಸೈಟ್ ನನ್ನ ತಲೆ ಮೇಲಿವೆ. ವಿಡಿಯೋ ನೋಡಿ ಕಲಿಯೋಣ ಅಂದರೆ ಹೇಳಿಕೊಡುವವರಿಗೆ ಲೆಕ್ಕವಿಲ್ಲ. ಆದರೆ ಅವರೆಲ್ಲ ಇಂಗ್ಲಿಷ್ ಪುಟ ಮಾಡುವವರು. ಕನ್ನಡ ಹಾಕಿದಾಗ ಬರುವ ತೊಂದರೆಗಳೇ ಬೇರೆ. ಶಾಲೆ, ಸೊಸೈಟಿ, ದೇವಸ್ಥಾನ ಅಂತ ಯಾರದೋ ವೆಬ್‌ಸೈಟ್ ತಲೆಗೆ ಕಟ್ಟಿಸಿಕೊಂಡಿರುವ ನನ್ನಂಥವರಿಗೆ ಇದನ್ನು ಬರೆಯುತ್ತಿದ್ದೇನೆ.

ಪೌಂಡ್ ಗುರುತು ಕಂಡರೆ

ನಾನು ಮೊದಲ ದಿನ ಮಾಡಿದ ಕೆಲಸ ಇಷ್ಟೇ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದ ನೋಟಿಸನ್ನು ಕಾಪಿ ಮಾಡಿದೆ, ವೆಬ್‌ಸೈಟಿಗೆ ಪೇಸ್ಟ್ ಮಾಡಿದೆ. ಪರದೆಯ ತುಂಬ ಪೌಂಡ್ ಗುರುತು, ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಎ, ಮಧ್ಯೆ ಮಧ್ಯೆ ಪಿ ಮತ್ತು ಕ್ಯೂ. ವೈರಸ್ ಬಂತು ಅಂತ ಹೆದರಿ ಸಿಸ್ಟಮ್ಮೇ ಆಫ್ ಮಾಡಿದ್ದೆ.

ವೈರಸ್ ಅಲ್ಲ. ಹಳೆಯ ನುಡಿ, ಬರಹ ಫಾಂಟುಗಳು ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರ, ಗುರುತುಗಳ ನಂಬರನ್ನೇ. ಆ ನಂಬರಿನ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಇರುವ ನಮ್ಮ ಅಂಗಡಿಯಲ್ಲಿ ಅದು ಕನ್ನಡ. ಫಾಂಟ್ ಇಲ್ಲದ ಕಡೆ ಬಣ್ಣ ಬಯಲು. "ಕನ್ನಡ" ಅನ್ನುವ ಪದದ ಒಳಗೇ ಒಂದು ಪೌಂಡ್ ಗುರುತು ಕೂತಿರುತ್ತದೆ, ಅದು ನಕಾರಕ್ಕೆ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ನಂಬರು ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ನಂಬರುಗಳಿವೆ. 1991ರ ಮೊದಲ ಆವೃತ್ತಿಯಿಂದಲೇ ಇವೆ. ವೆಬ್‌ಸೈಟಿಗೆ ಬೇಕಾದದ್ದು ಅದು ಮಾತ್ರ.

ಹೊಸದಾಗಿ ಟೈಪ್ ಮಾಡುವಾಗ ನುಡಿಯಲ್ಲೇ ಯೂನಿಕೋಡ್ ಆರಿಸಿಕೊಳ್ಳಿ. ಕೀಬೋರ್ಡ್ ಅದೇ, ಬೆರಳಿಗೆ ಹೊಸದು ಕಲಿಸಬೇಕಿಲ್ಲ. ಹಳೆಯ ಫೈಲುಗಳಿಗೆ ಕನ್ವರ್ಟರ್ ಇದೆ. ಆದರೆ ಕನ್ವರ್ಟರನ್ನು ನಂಬಿ ಕಣ್ಣು ಮುಚ್ಚಿಕೊಂಡು ಪೇಸ್ಟ್ ಮಾಡಬೇಡಿ. ನನ್ನ ಅನುಭವ ಕೇಳಿ.

ಷೇರು ಹಣ ಕಟ್ಟುವ ನೋಟಿಸೊಂದನ್ನು ಕನ್ವರ್ಟ್ ಮಾಡಿ ಹಾಕಿದೆ. ಕನ್ನಡ ಎಲ್ಲ ಚೆನ್ನಾಗಿ ಬಂತು. ಕೊನೆಯಲ್ಲಿದ್ದ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ನೋಡಲಿಲ್ಲ. ಕನ್ವರ್ಟರಿಗೆ ಇಂಗ್ಲಿಷ್ ಅಕ್ಷರವೂ ನುಡಿಯ ಅಕ್ಷರವೂ ಒಂದೇ. ಕೋಡಿನ ಮೊದಲ ನಾಲ್ಕು ಅಕ್ಷರ ಎಂಥದೋ ಅರ್ಥವಿಲ್ಲದ ಕನ್ನಡವಾಗಿ ಕೂತಿತ್ತು. ಅದರ ಪಕ್ಕದ ಇಮೇಲ್ ವಿಳಾಸಕ್ಕೂ ಅದೇ ಗತಿ. ಮೂರು ದಿನ ಯಾರೂ ಹೇಳಲಿಲ್ಲ. ನಾಲ್ಕನೇ ದಿನ ಗುಬ್ಬಿ ಕಡೆಯ ರೈತರೊಬ್ಬರು ಫೋನ್ ಮಾಡಿ, "ಅಕ್ಕಾ, ಈ ಬ್ಯಾಂಕ್ ಎಲ್ಲೈತೆ?" ಅಂದರು.

ಅದಾದ ಮೇಲೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಕನ್ವರ್ಟ್ ಮಾಡುವ ಮುಂಚೆ ಇಂಗ್ಲಿಷ್‌ನಲ್ಲಿರುವುದನ್ನೆಲ್ಲ ಕತ್ತರಿಸಿ ಬೇರೆ ಕಡೆ ಇಡುತ್ತೇನೆ. ಇಮೇಲ್, ಕೋಡು, ಕಂಪನಿ ಹೆಸರು, ಎಲ್ಲ. ಕನ್ವರ್ಟ್ ಆದ ಮೇಲೆ ಅದದೇ ಜಾಗಕ್ಕೆ ವಾಪಸ್ ಸೇರಿಸುತ್ತೇನೆ. ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಹುಡುಕಿ ಓದುತ್ತೇನೆ: ಕಾರ್ಯದರ್ಶಿ, ಮಾರ್ಚ್, ವರ್ಷ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಆಚೆ ಬರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ರಕಾರವೇ ಮೊದಲು. ಕನ್ವರ್ಟರ್ ಇದನ್ನು ಅದಲು ಬದಲು ಮಾಡಬೇಕು, ಎಡವಿದರೆ ಹೆಚ್ಚಾಗಿ ಇಲ್ಲೇ ಎಡವುತ್ತದೆ. ಪಿಡಿಎಫ್‌ನಿಂದ ಕಾಪಿ ಮಾಡುವವರಿಗೂ ಇದೇ ಮಾತು. ನುಡಿಯಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಮತ್ತೆ ಪೌಂಡ್.

ಇನ್ನೊಂದು. ನೋಟ್‌ಪ್ಯಾಡಿನಲ್ಲಿ ಕನ್ನಡ ಸೇವ್ ಮಾಡಿಟ್ಟು, ಮತ್ತೆ ತೆಗೆದಾಗ ಬರೀ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದು ಹಳೆಯ ವಿಂಡೋಸ್. ಅದರ ನೋಟ್‌ಪ್ಯಾಡ್ ತಾನಾಗಿ ಆನ್ಸಿ ಅನ್ನುವ, ಕನ್ನಡಕ್ಕೆ ಜಾಗವಿಲ್ಲದ ಹಳೆಯ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡುತ್ತದೆ. 2019ರ ವಿಂಡೋಸ್ 10ರ ಅಪ್‌ಡೇಟ್ ಆದ ಮೇಲೆ ಅದು ಯುಟಿಎಫ್-8 ಆಗಿದೆ, ಅದರಲ್ಲಿ ಕನ್ನಡ ಉಳಿಯುತ್ತದೆ. ನನ್ನ ಎರಡನೇ ಸಿಸ್ಟಂನಲ್ಲಿ ಇನ್ನೂ ವಿಂಡೋಸ್ 7. ಅಲ್ಲಿ ಸೇವ್ ಮಾಡುವಾಗ ಕೆಳಗಡೆ ಎನ್‌ಕೋಡಿಂಗ್ ಅನ್ನುವ ಕಡೆ ನಾನೇ ಬದಲಿಸಬೇಕು. ಮರೆತರೆ ಹೋಯಿತು, ಪ್ರಶ್ನೆಯಾದ ಕನ್ನಡ ವಾಪಸ್ ಬರುವುದಿಲ್ಲ.

ಹಾಗಂತ ನೋಟ್‌ಪ್ಯಾಡ್ ಬಿಡಬೇಡಿ. ವರ್ಡ್‌ನಿಂದ ನೇರ ಪೇಸ್ಟ್ ಮಾಡಿದರೆ ಅಲ್ಲಿನ ಬಣ್ಣ, ಸೈಜು, ಫಾಂಟು ಎಲ್ಲ ನೆಂಟರ ಹಿಂದೆ ಬರುವ ಮಕ್ಕಳ ತರ ಜೊತೆಗೇ ಬರಬಹುದು. ಮೊದಲು ನೋಟ್‌ಪ್ಯಾಡಿಗೆ ಹಾಕಿ ಅಲ್ಲಿಂದ ತಂದರೆ, ಇಲ್ಲವೇ ಕಂಟ್ರೋಲ್, ಶಿಫ್ಟ್, ವಿ ಮೂರೂ ಒಟ್ಟಿಗೆ ಒತ್ತಿದರೆ ಅಕ್ಷರ ಮಾತ್ರ ಬರುತ್ತದೆ.

ಲಿಂಕು ಅರ್ಧಕ್ಕೇ ನಿಂತಾಗ

ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಬೆರಳು ಮಡಚಿ ಎಣಿಸಿಯೇ ಕಂಡುಕೊಂಡೆ.

ಪೋಸ್ಟಿಗೆ "ವಾರ್ಷಿಕ ಸರ್ವಸದಸ್ಯರ ಸಭೆ ಆಹ್ವಾನ" ಅಂತ ತಲೆಬರಹ ಕೊಟ್ಟು ಪಬ್ಲಿಷ್ ಮಾಡಿದೆ. ಲಿಂಕಿನ ಕೊನೆಯಲ್ಲಿ ನೋಡಿದರೆ "ವಾರ್ಷಿಕ-ಸರ್ವಸದಸ್ಯರ-ಸಭೆ-ಆ". ಅಷ್ಟೇ. ಆ ಅಂತ ಬಾಯಿ ಬಿಟ್ಟುಕೊಂಡು ನಿಂತಿತ್ತು. ಅದನ್ನೇ ಕಾಪಿ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಲ್ಲಿ ಕನ್ನಡವೂ ಹೋಗಿ, ನಾಲ್ಕು ಸಾಲಿನಷ್ಟು ಶೇಕಡಾ ಗುರುತುಗಳು. ಗುಂಪಿನಲ್ಲಿದ್ದ ಹಿರಿಯರೊಬ್ಬರು, "ಇದು ಫ್ರಾಡ್ ಲಿಂಕು, ಯಾರೂ ಒತ್ತಬೇಡಿ" ಅಂತ ಎಚ್ಚರಿಕೆ ಬೇರೆ ಹಾಕಿದರು. ಅವರದೇನೂ ತಪ್ಪಿಲ್ಲ, ನೋಡಲು ಹಾಗೇ ಇತ್ತು.

ವಿಷಯ ಏನೆಂದರೆ, ಲಿಂಕಿನ ಈ ತುಂಡಿಗೆ ಸ್ಲಗ್ ಅನ್ನುತ್ತಾರೆ. ವರ್ಡ್‌ಪ್ರೆಸ್ ಅದಕ್ಕೆ ಕೊಟ್ಟಿರುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಧಾರಾಳ ಆಯಿತು. ಕನ್ನಡದ ಒಂದು ಗುರುತು ಲಿಂಕಿನೊಳಗೆ ಹೋಗುವಾಗ ಒಂಬತ್ತು ಅಕ್ಷರ ಆಗುತ್ತದೆ. ಒಂದು ಗುರುತು ಅಂದರೆ ಪೂರ್ತಿ ಅಕ್ಷರವೂ ಅಲ್ಲ. ವಾ ಅಂದರೆ ವಕಾರಕ್ಕೆ ಒಂಬತ್ತು, ದೀರ್ಘಕ್ಕೆ ಮತ್ತೊಂಬತ್ತು. ರ್ಷಿ ಅನ್ನುವುದೊಂದಕ್ಕೇ ರಕಾರ, ಹಲಂತ, ಷಕಾರ, ಗುಡಿಸು ಸೇರಿ ಮೂವತ್ತಾರು. ಹೀಗೆ ಲೆಕ್ಕ ಹಾಕಿದರೆ "ಸಭೆ" ಮುಗಿದು "ಆ" ಬರುವಷ್ಟರಲ್ಲಿ 192. ಮುಂದಿನ ಹಕಾರಕ್ಕೆ ಜಾಗವಿಲ್ಲ.

ಪರಿಹಾರ ಸುಲಭ. ಪಬ್ಲಿಷ್ ಒತ್ತುವ ಮುಂಚೆ ಬಲಗಡೆ ಸ್ಲಗ್ ಅಂತ ಇರುವಲ್ಲಿ ಎರಡು ಮೂರು ಪದ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ವಾರ್ಷಿಕ ಸಭೆ, ಇಸವಿ, ಅಷ್ಟು ಸಾಕು. ತಲೆಬರಹ ಕನ್ನಡದಲ್ಲೇ ಇರುತ್ತದೆ, ಅದಕ್ಕೇನೂ ಆಗುವುದಿಲ್ಲ. ಕನ್ನಡ ಲಿಂಕೇ ಬೇಕು ಅನ್ನುವ ಅಭಿಮಾನಿಗಳು ಇದ್ದಾರೆ. ನನಗೂ ಆಸೆ ಇತ್ತು. ವಾಟ್ಸಾಪ್ ಗುಂಪಿನ ಆ ದಿನದ ಮೇಲೆ ಬಿಟ್ಟೆ.

ಪಬ್ಲಿಷ್ ಆದ ಮೇಲೆ ಬದಲಿಸಬಹುದೇ? ಪೋಸ್ಟ್ ಆದರೆ ಪರವಾಗಿಲ್ಲ. ಹಳೆಯ ಲಿಂಕು ಒತ್ತಿದವರನ್ನು ವರ್ಡ್‌ಪ್ರೆಸ್ಸೇ ಹೊಸದಕ್ಕೆ ಕಳಿಸುತ್ತದೆ. ಪೇಜ್ ಆದರೆ ಆ ಉಪಕಾರವನ್ನು ನೆಚ್ಚಬೇಡಿ. "ನಮ್ಮ ಬಗ್ಗೆ", "ಸಂಪರ್ಕ" ಇಂಥವೆಲ್ಲ ಪೇಜುಗಳು. ಅವುಗಳ ಲಿಂಕು ಬದಲಿಸಿದರೆ ಹಳೆಯದನ್ನು ಒತ್ತಿದವರಿಗೆ ಸಿಗುವುದು 404, ಅಂದರೆ ಆ ಪುಟವೇ ಇಲ್ಲ ಅನ್ನುವ ಉತ್ತರ. ನಮ್ಮ ಊರಿನ ಇಂಗ್ಲಿಷ್ ಸ್ಪೆಲಿಂಗು 2014ರ ನವೆಂಬರ್ 1ರಂದು ಸರ್ಕಾರಿ ಲೆಕ್ಕದಲ್ಲಿ ಬದಲಾಯಿತಲ್ಲ, ಹಳೇ ವಿದ್ಯಾರ್ಥಿ ಸಂಘದವರು ಪೇಜಿನ ಲಿಂಕುಗಳಲ್ಲೂ ಹೊಸ ಸ್ಪೆಲಿಂಗ್ ಹಾಕಿ ಅಂದರು. ತಲೆಬರಹದಲ್ಲಿ ಹಾಕಿದೆ, ಲಿಂಕು ಮುಟ್ಟಲಿಲ್ಲ. ಅವರ ಸ್ಮರಣ ಸಂಚಿಕೆಯಲ್ಲಿ ಹಳೆಯ ಲಿಂಕು ಅಚ್ಚಾಗಿ ಹೋಗಿತ್ತು, ಅಚ್ಚು ಮಾಡಿದವಳು ನಾನೇ. ಯಾರೂ ಏನೂ ಮುಟ್ಟದೆ ಎಲ್ಲ ಪುಟಕ್ಕೂ ಒಮ್ಮೆಲೇ 404 ಬಂದರೆ ಮಾತ್ರ ಬೇರೆ ವಿಷಯ. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆಗೆದು, ಏನೂ ಬದಲಿಸದೆ ಸುಮ್ನೆ ಸೇವ್ ಒತ್ತಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಎಡಿಟರ್ ಜೊತೆ ಜಗಳ

2018ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.0ರಿಂದ ಈ ಬ್ಲಾಕ್ ಎಡಿಟರ್ ಇದೆ. ಪ್ರತಿ ಪ್ಯಾರಾ ಒಂದೊಂದು ಇಟ್ಟಿಗೆ. ಪೇಜ್‌ಮೇಕರ್ ಕಾಲದವಳಾದ ನನಗೆ ಇದು ತಕ್ಷಣ ಅರ್ಥವಾಯಿತು, ಅಲ್ಲೂ ಹೀಗೇ ತುಂಡು ತುಂಡಾಗಿ ಜೋಡಿಸುತ್ತಿದ್ದೆವು. ಆದರೆ ಕೆಲವು ಜಾಣತನ ಸಿಟ್ಟು ಬರಿಸುತ್ತದೆ. ನೋಟಿಸಿನಲ್ಲಿ ಸಾಲಿನ ಮೊದಲಿಗೆ 1 ಬರೆದು ಚುಕ್ಕಿ ಇಟ್ಟು ಸ್ಪೇಸ್ ಒತ್ತಿದರೆ ಕೇಳದೇ ಪಟ್ಟಿ ಮಾಡಿಬಿಡುತ್ತದೆ. ತಕ್ಷಣ ಕಂಟ್ರೋಲ್ ಝಡ್ ಒತ್ತಿದರೆ ನೀವು ಬರೆದ ಹಾಗೇ ಉಳಿಯುತ್ತದೆ. ಕನ್ನಡದ ೧ ಬರೆದರೆ ತಂಟೆಗೇ ಬರುವುದಿಲ್ಲ. ನಮ್ಮ ಅಂಕಿ ಅದಕ್ಕೆ ಗೊತ್ತಿಲ್ಲದೇ ಇರುವುದು ಒಂದೊಂದು ಸಲ ಅನುಕೂಲವೇ.

ಕರೆಂಟ್ ಹೋದರೆ ಗಾಬರಿ ಬೇಡ. ಬರೆಯುತ್ತಿರುವುದರ ಒಂದು ಪ್ರತಿ ಬ್ರೌಸರಿನಲ್ಲಿ ಉಳಿದಿರುತ್ತದೆ. ಮತ್ತೆ ಅದೇ ಸಿಸ್ಟಂನಲ್ಲಿ, ಅದೇ ಪೋಸ್ಟ್ ತೆಗೆದಾಗ ಮೇಲ್ಗಡೆ ಒಂದು ಸಾಲು ಬರುತ್ತದೆ, ಓದದೇ ಮುಚ್ಚಬೇಡಿ. ಅದರಲ್ಲೇ ವಾಪಸ್ ತರುವ ಗುಂಡಿ ಇರುತ್ತದೆ. ಇನ್ನು ಯಾರೋ ಬರೆದದ್ದನ್ನು ಅಳಿಸಿದ್ದರೆ ರಿವಿಷನ್ಸ್ ನೋಡಿ. ಹಳೆಯ ಪ್ರತಿಗಳು ಸಾಲಾಗಿ ಇರುತ್ತವೆ.

ತಲೆಬರಹ ಎರಡು ಸಾಲಿಗೆ ಬಂದಾಗ "ರಾಷ್ಟ್ರೀಯ", "ವೈಶಿಷ್ಟ್ಯ" ಇಂಥ ಪದಗಳ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಹೋಗಿ ಕೂರುತ್ತಿದ್ದರೆ ಫಾಂಟ್ ಬದಲಿಸಲು ಹೋಗಬೇಡಿ. ಥೀಮ್, ಅಂದರೆ ವೆಬ್‌ಸೈಟಿನ ಸಿದ್ಧ ವಿನ್ಯಾಸ, ಮಾಡಿದವರು ಇಂಗ್ಲಿಷ್ ಅಳತೆಗೆ ಸಾಲಿನ ಅಂತರ ಇಟ್ಟಿರುತ್ತಾರೆ. ಟೈಪೋಗ್ರಫಿಯಲ್ಲಿ ಲೈನ್ ಹೈಟ್ 1.6 ಅಥವಾ 1.7 ಮಾಡಿ. ಲೆಟರ್ ಸ್ಪೇಸಿಂಗ್ ಇದ್ದರೆ ಸೊನ್ನೆ ಮಾಡಿ. ಕನ್ನಡವನ್ನು ಎಳೆದು ಅಗಲ ಮಾಡಿದರೆ ಚೆಂದ ಕಾಣುವುದಿಲ್ಲ, ಇದು ಕಾರ್ಡಿಗೂ ಅನ್ವಯ.

ಫೋಟೋ ಅಪ್‌ಲೋಡ್ ಆಗದಿದ್ದರೆ ಮೊದಲು ಅದರ ತೂಕ ನೋಡಿ. ಸರ್ವರ್‌ನಲ್ಲಿ ವರ್ಡ್‌ಪ್ರೆಸ್ ಓಡಿಸುವ ಪಿಎಚ್‌ಪಿ ಅನ್ನುವುದರಲ್ಲಿ ಏನೂ ಬದಲಿಸದಿದ್ದರೆ ಮಿತಿ 2 ಎಂಬಿ. ಈಗಿನ ಫೋನಿನ ಫೋಟೋ ಅದಕ್ಕಿಂತ ದಪ್ಪ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಹಾಕಿ, ಸಾಕು.

"ಬೇಕು ಅಂತಲೇ ಇಟ್ಟಿದ್ದೀರಾ?"

ತೆಂಗು ಬೆಳೆಗಾರರ ಸಂಘದ ಚುನಾವಣೆ ಆಯಿತು. ಹೊಸ ಅಧ್ಯಕ್ಷರು ಬಂದರು. ನಾನು ಅವರ ಫೋಟೋ ಹಾಕಿ, ಕಣ್ಣಾರೆ ನೋಡಿ, ಮನೆಗೆ ಹೋದೆ. ರಾತ್ರಿ ಒಂಬತ್ತಕ್ಕೆ ಫೋನು.

"ಏನಮ್ಮಾ, ಇನ್ನೂ ಹಳೇ ಅಧ್ಯಕ್ಷರ ಫೋಟೋನೇ ಇದೆಯಲ್ಲ. ಬೇಕು ಅಂತಲೇ ಇಟ್ಟಿದ್ದೀರಾ?"

"ಇಲ್ಲ ಸಾರ್, ನಿಮ್ಮದೇ ಹಾಕಿದ್ದೀನಿ. ನನಗೆ ಕಾಣ್ತಿದೆ."

"ನನಗೆ ಕಾಣ್ತಿಲ್ವಲ್ಲಮ್ಮಾ."

ಇಬ್ಬರೂ ಹೇಳಿದ್ದು ನಿಜ. ಪುಟ ಬೇಗ ತೆರೆಯಲಿ ಅಂತ ಕ್ಯಾಶ್ ಪ್ಲಗಿನ್ (ಪ್ಲಗಿನ್ ಅಂದರೆ ವರ್ಡ್‌ಪ್ರೆಸ್‌ಗೆ ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್) ಪ್ರತಿ ಪುಟದ ಒಂದು ಜೆರಾಕ್ಸ್ ತೆಗೆದಿಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಕೊಡುತ್ತದೆ. ಲಾಗಿನ್ ಆಗಿರುವವರಿಗೆ ಸಾಮಾನ್ಯವಾಗಿ ಮೂಲ ಪ್ರತಿ ತೋರಿಸುತ್ತದೆ. ಹಾಗಾಗಿ ನನಗೆ ಹೊಸಬರು, ಊರಿಗೆಲ್ಲ ಹಳಬರು. ಏನೇ ಬದಲಿಸಿದರೂ ಪ್ಲಗಿನ್‌ನಲ್ಲಿ ಕ್ಲಿಯರ್ ಕ್ಯಾಶ್ ಅಥವಾ ಪರ್ಜ್ ಅಂತ ಇರುವುದನ್ನು ಒತ್ತಿ. ವೆಬ್‌ಸೈಟಿಗೆ ಸರ್ವರಿನಲ್ಲಿ ಜಾಗ ಕೊಡುವ ಕೆಲವು ಹೋಸ್ಟಿಂಗ್‌ನವರು ತಾವೂ ಒಂದು ಜೆರಾಕ್ಸ್ ಇಟ್ಟಿರುತ್ತಾರೆ, ಅದನ್ನೂ ಕ್ಲಿಯರ್ ಮಾಡಿ. ಆಮೇಲೆ ಬ್ರೌಸರಿನ ಇನ್‌ಕಾಗ್ನಿಟೋದಲ್ಲಿ, ಲಾಗಿನ್ ಆಗದೆ ನೋಡಿ. ನಾನಂತೂ ಎದುರಿನ ಬೇಕರಿ ಹುಡುಗನ ಫೋನಿನಲ್ಲಿ ನೋಡುತ್ತೇನೆ. ಅಷ್ಟೂ ಆದ ಮೇಲೆ ಅಧ್ಯಕ್ಷರಿಗೆ ಹಳೆಯದೇ ಕಂಡರೆ ಅದು ಅವರ ಫೋನಿನ ಬ್ರೌಸರಿನ ಕ್ಯಾಶ್. ಅದನ್ನು ಫೋನಿನಲ್ಲಿ ವಿವರಿಸುವುದು ಆಗದ ಮಾತು. ನಾನು ಹೋಗಿ ತೆಗೆದುಕೊಟ್ಟು, ಕಾಫಿ ಕುಡಿದು ಬಂದೆ.

ಶನಿವಾರ ಸಂಜೆ ಅಪ್‌ಡೇಟ್ ಒತ್ತಬೇಡಿ

ಭಾನುವಾರ ಸರ್ವಸದಸ್ಯರ ಸಭೆ. ಶನಿವಾರ ಸಂಜೆ ನೋಡಿದರೆ ಪ್ಲಗಿನ್ಸ್ ಪಕ್ಕದಲ್ಲಿ ಕೆಂಪು ಚುಕ್ಕೆಯಲ್ಲಿ 9 ಅಂತ ತೋರಿಸುತ್ತಿತ್ತು. ಸಭೆಗೆ ಮನೆ ಗುಡಿಸಿದ ಹಾಗೆ ಇದನ್ನೂ ಗುಡಿಸೋಣ ಅಂತ ಒಂಬತ್ತನ್ನೂ ಟಿಕ್ ಮಾಡಿ ಅಪ್‌ಡೇಟ್ ಒತ್ತಿದೆ. ಬಿಳಿ ಪುಟ. ಕ್ರಿಟಿಕಲ್ ಎರರ್ ಅಂತ ಒಂದೇ ಸಾಲು. ಡ್ಯಾಶ್‌ಬೋರ್ಡೂ ಇಲ್ಲ.

2019ರ 5.2 ಆವೃತ್ತಿಯಿಂದ ಹೀಗಾದಾಗ ವರ್ಡ್‌ಪ್ರೆಸ್ ಅಡ್ಮಿನ್ ಇಮೇಲಿಗೆ ಒಂದು ರಿಕವರಿ ಲಿಂಕು ಕಳಿಸುತ್ತದೆ. ಒತ್ತಿದರೆ ಕೆಟ್ಟ ಪ್ಲಗಿನ್ ಪಕ್ಕಕ್ಕಿಟ್ಟು ಒಳಗೆ ಬಿಡುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಇಮೇಲ್ ಯಾರದು? ಆ ಬೆಂಗಳೂರಿನ ಹುಡುಗನ ಹಳೇ ಆಫೀಸಿನದು. ಇದನ್ನು ಓದುತ್ತಿರುವವರು ಈಗಲೇ ಎದ್ದು ಸೆಟ್ಟಿಂಗ್ಸ್‌ನಲ್ಲಿ ಜನರಲ್ ತೆಗೆದು ಅಲ್ಲಿರುವ ಇಮೇಲ್ ಯಾರದು ಅಂತ ನೋಡಿ ಬನ್ನಿ. ಬದಲಿಸಿದರೆ ಹೊಸ ವಿಳಾಸಕ್ಕೆ ಒಂದು ಮೇಲ್ ಬರುತ್ತದೆ, ಅದನ್ನು ಒಪ್ಪಿದರೆ ಮಾತ್ರ ಬದಲಾವಣೆ ನಿಲ್ಲುತ್ತದೆ.

ನನಗೆ ಉಳಿದದ್ದು ಹಿಂಬಾಗಿಲು. ಹೋಸ್ಟಿಂಗ್ ಅಕೌಂಟಿಗೆ ಹೋಗಿ ಫೈಲ್ ಮ್ಯಾನೇಜರ್ ತೆಗೆದೆ. ಅಲ್ಲಿ ಡಬ್ಲ್ಯೂಪಿ-ಕಂಟೆಂಟ್ ಅನ್ನುವ ಫೋಲ್ಡರ್, ಅದರೊಳಗೆ ಪ್ಲಗಿನ್ಸ್ ಅನ್ನುವ ಫೋಲ್ಡರ್. ಅದರ ಹೆಸರಿನ ಕೊನೆಗೆ ಒಂದು ಎಕ್ಸ್ ಸೇರಿಸಿದೆ. ಫೋಲ್ಡರ್ ಕಾಣದಿದ್ದಾಗ ಯಾವ ಪ್ಲಗಿನ್ನೂ ಓಡುವುದಿಲ್ಲ, ಬಾಗಿಲು ತೆರೆಯುತ್ತದೆ. ಲಾಗಿನ್ ಆಗಿ ಪ್ಲಗಿನ್ಸ್ ಪುಟವನ್ನು ಒಮ್ಮೆ ತೆರೆದೆ. ಫೈಲ್ ಇಲ್ಲದ್ದರಿಂದ ಅದು ಎಲ್ಲವನ್ನೂ ಆಫ್ ಮಾಡಿಕೊಂಡಿತು. ಆಮೇಲೆ ಎಕ್ಸ್ ತೆಗೆದು ಹೆಸರು ಮೊದಲಿನ ಹಾಗೆ ಮಾಡಿ, ಒಂದೊಂದೇ ಆನ್ ಮಾಡುತ್ತ, ಪ್ರತಿ ಸಲ ಮುಖಪುಟ ನೋಡುತ್ತ ಬಂದೆ. ಆರನೆಯದು, ಫೋಟೋ ಸರಿಯುವ ಸ್ಲೈಡರ್, ಆನ್ ಮಾಡಿದ ಕೂಡಲೇ ಮತ್ತೆ ಬಿಳಿ ಪುಟ. ಅದೊಂದರ ಫೋಲ್ಡರ್ ಹೆಸರು ಬದಲಿಸಿ ಮುಗಿಸಿದೆ. ಆಗ ರಾತ್ರಿ ಹನ್ನೊಂದೂವರೆ. ಸ್ಲೈಡರ್ ಇಲ್ಲ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಇದನ್ನು ಮೇಂಟೆನೆನ್ಸ್ ಸಂದೇಶದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅಪ್‌ಡೇಟ್ ನಡುವೆ ನೆಟ್ ಹೋದರೆ "ಸ್ವಲ್ಪ ಹೊತ್ತು ಸಿಗುವುದಿಲ್ಲ" ಅನ್ನುವ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಅದಕ್ಕೆ ಕೈ ಹಾಕದೆ ಹತ್ತು ನಿಮಿಷ ಬಿಡಿ. ಅಪ್‌ಡೇಟ್ ನಡೆಯುತ್ತಿದೆ ಅಂತ ಅದು ಇಟ್ಟುಕೊಂಡ ಗುರುತಿನ ಫೈಲನ್ನು ಹತ್ತು ನಿಮಿಷ ದಾಟಿದ ಮೇಲೆ ವರ್ಡ್‌ಪ್ರೆಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ನಾನು ಅಪ್‌ಡೇಟ್ ಮಾಡುವುದು ಮಂಗಳವಾರ ಬೆಳಿಗ್ಗೆ, ಒಂದು ಸಲಕ್ಕೆ ಒಂದೇ. ಅದಕ್ಕೂ ಮುಂಚೆ ಹೋಸ್ಟಿಂಗ್‌ನಿಂದ ಪೂರ್ತಿ ಬ್ಯಾಕಪ್ ಇಳಿಸಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಟೂಲ್ಸ್‌ನಲ್ಲಿ ಎಕ್ಸ್‌ಪೋರ್ಟ್ ಅಂತ ಇರುವುದನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಅದರಲ್ಲಿ ಬರಹ ಬರುತ್ತದೆ, ಫೋಟೋಗಳ ವಿಳಾಸ ಮಾತ್ರ ಬರುತ್ತದೆ, ಫೋಟೋ ಬರುವುದಿಲ್ಲ.

ಕಾರ್ಯದರ್ಶಿಗಳಿಗೂ ಲಾಗಿನ್ ಬೇಕು ಅಂದರು. ಎಡಿಟರ್ ಅಂತ ಕೊಟ್ಟಿದ್ದೇನೆ, ಅಡ್ಮಿನಿಸ್ಟ್ರೇಟರ್ ಅಲ್ಲ. ಬರೆಯಬಹುದು, ತಿದ್ದಬಹುದು, ಥೀಮ್ ಬದಲಿಸಲು ಆಗುವುದಿಲ್ಲ. ಹಿಂದೊಮ್ಮೆ "ಹಸಿರು ಜಾಸ್ತಿ ಆಯ್ತು" ಅಂತ ಅವರು ಥೀಮೇ ಬದಲಿಸಿ, ಮೆನು ಪೂರ್ತಿ ಮಾಯವಾಗಿತ್ತು. ಮೆನು ಎಲ್ಲೂ ಹೋಗಿರಲಿಲ್ಲ, ಹೊಸ ಥೀಮಿನಲ್ಲಿ ಅದಕ್ಕೆ ಜಾಗ ತೋರಿಸಬೇಕಿತ್ತು ಅಷ್ಟೇ. ಅದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ಅಡ್ಮಿನ್ ಇಮೇಲನ್ನು ಈಗ ಸಂಘದ ಹೆಸರಿಗೆ ಮಾಡಿಸಿದ್ದೇನೆ. ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಮಾತ್ರ ಇನ್ನೂ ಆ ಹುಡುಗನ ಅಕೌಂಟಿನಲ್ಲೇ ಇದೆ. ರಿನ್ಯೂವಲ್ ಬರುವುದು ಜೂನ್‌ನಲ್ಲಿ. ಅವನು ಫೋನ್ ಎತ್ತುತ್ತಾನೆ, "ಮಾಡ್ಕೊಡ್ತೀನಿ ಅಕ್ಕ" ಅನ್ನುತ್ತಾನೆ. ಮೇ ತಿಂಗಳಲ್ಲಿ ಅವನ ತಂಗಿಯ ಮದುವೆಯಂತೆ. ಕಾರ್ಡು ನಮ್ಮಲ್ಲೇ ಮಾಡಿಸುತ್ತಾನಂತೆ. ಪ್ರೂಫ್ ನೋಡಲು ಬಂದಾಗ ಲ್ಯಾಪ್‌ಟಾಪ್ ತರಲು ಹೇಳಿದ್ದೇನೆ.